ಪೂರ್ಣವಿರಾಮ

ಪಶ್ಚಿಮ ಟೆನೆಸಿಯ ಈ ಕೋರ್ಟಿನಲ್ಲಿ
ಮೂವತ್ತೊಂದು ವರ್ಷದಿಂದ ನನ್ನ ಕೆಲಸ ಇಷ್ಟೇ:
ಯಾರು ಏನಂದರೋ ಅದು.
ಕೆಮ್ಮು ಬೇಡ, ಬಿಕ್ಕು ಬೇಡ,
ಕಿಟಕಿಯಾಚೆ ಹತ್ತಿ ಲಾರಿಗಳ ಸದ್ದು ಬೇಡ.
ಇಪ್ಪತ್ತೆರಡು ಕೀಲಿಯ ಯಂತ್ರ;
ದನಿಗೆ ಅಂತ ಒಂದು ಕೀಲಿಯಿಲ್ಲ.

ಮಂಗಳವಾರ ಕಟಕಟೆ ಹತ್ತಿದವಳು ವರ್ಡೆಲ್ ಟಿಬ್ಸ್.
ಎಪ್ಪತ್ತಮೂರು. ಚರ್ಚಿಗೆ ಹೋಗುವ ನೀಲಿ ಹ್ಯಾಟು,
ಮಡಿಲಲ್ಲಿ ಪರ್ಸು, ಪರ್ಸಿನ ಮೇಲೆ ಎರಡೂ ಕೈ.
ಮೊಮ್ಮಗ ಲಿಯಾಂಡರ್ ಎದುರು ಬೆಂಚಿನಲ್ಲಿ,
ಅವಳತ್ತ ನೋಡದೆ.

ಬೆಳಗಿನ ಆರೂ ನಲವತ್ತು. ಒಲೆ ಮೇಲೆ ಮೆಕ್ಕೆಜೋಳದ ಗಂಜಿ.
ವರಾಂಡದ ಹಲಗೆ ಕಿರುಗುಟ್ಟಿದ್ದರಲ್ಲೇ
ಎಣಿಸಿದಳಂತೆ: ನಾಲ್ಕು ಜೊತೆ ಬೂಟು.
ಟೋಪಿ ತೆಗೆದು, ನಗುತ್ತಾ ಡೆಪ್ಯುಟಿ ಕೇಳಿದನಂತೆ,
"ಒಳಗೆ ಬಂದು ಒಂಚೂರು ನೋಡಬಹುದಾ, ಮ್ಯಾಮ್?"
"ಆಯ್ತು, ಹಾಗಾದ್ರೆ" ಅಂದಳಂತೆ ಇವಳು.
ಪಕ್ಕಕ್ಕೆ ಸರಿದಳಂತೆ.

ಬಾಗಿಲು ಮುರಿದರೇ? ಇಲ್ಲ ಸರ್.
ದನಿ ಏರಿಸಿದರೇ? ಇಲ್ಲ ಸರ್, ತುಂಬ ಮರ್ಯಾದಸ್ಥರು.
ಬಂದೂಕು ತೋರಿಸಿದರೇ? ತೋರಿಸಲಿಲ್ಲ. ಅದು ಅಲ್ಲೇ ಇತ್ತು.
ಮತ್ತೆ ಪಕ್ಕಕ್ಕೆ ಸರಿದಿದ್ದೇಕೆ?
"ಸೊಂಟ ನೋವು. ಚೌಕಟ್ಟು ಹಿಡಿದುಕೊಂಡೆ."
ಹಿಂದೆ ಯಾರೋ ನಕ್ಕರು.
ನಗುವನ್ನೂ ನಾನು ಟೈಪು ಮಾಡುವುದಿಲ್ಲ.

ಬೇಡ ಅನ್ನಬಹುದಿತ್ತು, ಗೊತ್ತಿತ್ತೇ? ಇದು ಅವರ ಕಡೆಯ ವಕೀಲೆ.
ಅದನ್ನು ತಿಳಿಸಿ ಹೇಳುವ ಹಂಗು ಪೊಲೀಸರಿಗಿಲ್ಲ,
ಒಟ್ಟು ಸನ್ನಿವೇಶ ನೋಡಬೇಕು, ಇತ್ಯಾದಿ;
ಎಷ್ಟು ಸಲ ಬಂದುಹೋದ ಸಾಲು, ಬೆರಳಿಗೇ ಬಾಯಿಪಾಠ.
ವರ್ಡೆಲ್ ಪರ್ಸಿನ ಗುಂಡಿ ತೆಗೆದಳು, ಹಾಕಿದಳು.
"ಬೇಡ ಅನ್ನೋ ಮಾತು ಗೊತ್ತಮ್ಮಾ.
ಅರವತ್ತೆಂಟರಲ್ಲಿ ನಮ್ಮಪ್ಪ ಅಂದಿದ್ದ, ಒಂದೇ ಸಲ.
ಬಾಗಿಲನ್ನ ನಮ್ಮಣ್ಣ ಎರಡು ದಿನ ಕೂತು ರಿಪೇರಿ ಮಾಡಿದ.
ಅಪ್ಪನ್ನ ಮಾಡೋಕಾಗಲಿಲ್ಲ."
ಆಕ್ಷೇಪಣೆ. ಅಪ್ರಸ್ತುತ. ಮಾನ್ಯ.

ಹೊಲಿಗೆ ಡಬ್ಬಿಯಲ್ಲಿ ಸಿಕ್ಕ ಪಿಸ್ತೂಲು ಸಾಕ್ಷ್ಯ ಸಂಖ್ಯೆ ಎರಡು.
ದಾರದುಂಡೆಗಳು ಯಾರಿಗೂ ಬೇಕಾಗಲಿಲ್ಲ.

ಆಮೇಲೆ ಜಡ್ಜ್ ಮುಂದಕ್ಕೆ ಬಾಗಿ,
"ಆವತ್ತು ಅಂದದ್ದನ್ನು ಅಂದ ಹಾಗೇ ಇನ್ನೊಮ್ಮೆ ಅನ್ನಿ."
ಅಂದಳು.
ಕೊನೆಯಕ್ಷರ ಮೇಲೇರಿತೋ, ನೆಲಕ್ಕಿಳಿಯಿತೋ,
ಬಾಗಿಲ ಸರಪಳಿ ಬಿಡುವಷ್ಟೇ ಸಂದಿನಲ್ಲಿ
ನಿಂತಿತು, ಒಳಗೂ ಇಲ್ಲ, ಹೊರಗೂ ಇಲ್ಲ.
ಬೆರಳು ಕಾಯಲಿಲ್ಲ.
ಆಯ್ತು, ಹಾಗಾದ್ರೆ. ಚುಕ್ಕಿ.

ಮೇಲಿನ ಕೋರ್ಟಿನ ಮೂವರು ಅವಳ ಹ್ಯಾಟು ಕಾಣರು,
ಗಂಜಿ ತಳಹಿಡಿದ ವಾಸನೆ ಕಾಣರು.
ಪುಟ ನಲವತ್ತೇಳು, ಸಾಲು ಒಂಬತ್ತು ಕಾಣುತ್ತಾರೆ.
ಅಲ್ಲಿ ಪ್ರಶ್ನೆಯಿಲ್ಲ, ತಡವರಿಕೆಯಿಲ್ಲ,
ಸಾಸಿವೆಯಷ್ಟು ಕಪ್ಪು, ಅಷ್ಟೆ.
ಸ್ವಇಚ್ಛೆ ಎಂದು ಬರೆಯಲು ಅಷ್ಟು ಸಾಕು.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಹಾಳೆಗಳನ್ನು ಹರಡಿ
ಮೂರು ಚುಕ್ಕಿ ಇಟ್ಟು ನೋಡಿದೆ, ಅಳಿಸಿದೆ.
ಪ್ರಶ್ನಾರ್ಥಕ ಇಟ್ಟೆ. ಅದೂ ಸುಳ್ಳೇ.
ಕೊನೆಯ ಹಾಳೆಯಲ್ಲಿ ಎಂದಿನಂತೆ ನನ್ನ ಹೆಸರು, ಕೆಳಗೆ ಗೆರೆ:
'ಮೇಲಿನದು ಯಥಾವತ್ತು, ಸತ್ಯ.'
ಸಹಿ ಹಾಕಿದೆ.
ಯಾರೂ ಬಲವಂತ ಮಾಡಲಿಲ್ಲ.