ಳಕಾರದ ಕೇಸು

ಶುಕ್ರವಾರ ಮೂರೂವರೆಗೆ ತೆರೆಯ ಮೂಲೆಯಿಂದ
ಕೆಂಪು ಚೌಕವೊಂದು ಎದ್ದು ಬಂತು:
ಗೂಢಚಾರ ಪತ್ತೆ. ಬಂಧಿಸಲಾಗಿದೆ.
ನಿಮ್ಮ ಕಂಪ್ಯೂಟರ್ ಈಗ ಸುರಕ್ಷಿತ.

ಸುರಕ್ಷಿತ ಕಂಪ್ಯೂಟರಿನಲ್ಲಿ ಆಮೇಲೆ
ಒಂದು ಕನ್ನಡ ಅಕ್ಷರವೂ ಮೂಡಲಿಲ್ಲ.
‘ಶಿವಗಣಾರಾಧ’ ಎಂಬಲ್ಲಿಗೆ ನಿಂತಿತು
ಗೌರಮ್ಮಣ್ಣಿಯವರ ಹನ್ನೊಂದನೆಯ ದಿನದ ಕಾರ್ಡು.
‘ನೆ’ ಒತ್ತಿದರೆ ಎನ್, ಇ,
ಕರೆಯದೆ ಬಂದು ನಿಂತ ಇಂಗ್ಲಿಷು.
ಎದುರಿನ ಸ್ಟೂಲಿನಲ್ಲಿ ಅವರ ಮೊಮ್ಮಗ,
ಹಣೆಯ ವಿಭೂತಿ ಬೆವರಿಗೆ ಕರಗುತ್ತ,
‘ಆರಕ್ಕೆಲ್ಲ ಇನ್ನೂರು ಬೇಕಿತ್ತಲ್ಲ ಅಕ್ಕಾ’ ಅಂದ.

ಬಂಧನದಲ್ಲಿರುವವನು ಇಪ್ಪತ್ತೆರಡು ವರ್ಷದಿಂದ
ಬಳೇಪೇಟೆಯ ಈ ಹತ್ತಡಿ ಅಂಗಡಿಯಲ್ಲಿ ನನ್ನ ಜೊತೆಗಾರ.
ದೂರವಾಣಿನಗರದ ಗವಿರಂಗಯ್ಯನವರು
ಪಾಳಿಯಿಲ್ಲದ ರಾತ್ರಿಗಳಲ್ಲಿ ಕೂತು ಬರೆದದ್ದು;
ಫ್ಲಾಪಿಯಲ್ಲಿ ತಂದು ಕೊಟ್ಟು, ಬೈಟು ಕಾಫಿ ಕುಡಿದು,
‘ದುಡ್ಡು ಬೇಡ, ಒತ್ತಕ್ಷರ ಕೆಟ್ಟರೆ ಹೇಳಮ್ಮ’ ಅಂದಿದ್ದರು.
ಕಿವಿಗೊಡುವುದೇ ಅದರ ಕೆಲಸ:
ನಾನೊತ್ತುವ ಪ್ರತಿ ಕೀಲಿಯನ್ನೂ
ಬೇರೆಯವರಿಗೆ ತಿಳಿಯುವ ಮುನ್ನ ಹಿಡಿದು,
‘ಕೆ’ಯನ್ನು ಕ ಮಾಡಿ,
ಕ್ಷ ಆಗಬೇಕೋ ಏನೋ ಎಂದು ಒಂದು ಗಳಿಗೆ ಕಾದು...
ಇದನ್ನೇ, ಹೆಚ್ಚುಕಡಿಮೆ ಇಷ್ಟನ್ನೇ,
ಕಳ್ಳನೂ ಮಾಡುತ್ತಾನಂತೆ.
ಮೇಲಾಗಿ ಇದಕ್ಕೆ ಕಂಪನಿಯ ಸಹಿಯಿಲ್ಲ, ಮೊಹರಿಲ್ಲ.
ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದವನ
ಲೋಟವನ್ನು ಯಾರು ಮೂಸಿ ನೋಡುತ್ತಾರೆ?

ಎಸ್.ಪಿ. ರೋಡಿನಿಂದ ಬಂದ ಸಾದಿಕ್
ಹೆಲ್ಮೆಟ್ ತೆಗೆಯದೆಯೇ ಹೇಳಿದ:
‘ಡಿಲೀಟ್ ಮಾಡ್ಬಿಡಿ ಮೇಡಂ, ಹಳೇದು.
ಇಲ್ಲಾಂದ್ರೆ ಸ್ಕ್ಯಾನರನ್ನೇ ಆಫ್ ಮಾಡಿ.’
ಒಂದೋ ಕಳ್ಳ ಗಲ್ಲಿಗೆ, ಇಲ್ಲವೇ ಕಾವಲುಗಾರ ಮನೆಗೆ.
ನಡುವೆ ವಿಚಾರಣೆ ಅಂತ ಒಂದಿರುತ್ತದಲ್ಲ, ಹುಡುಗಾ.

ನೆಟ್ಟಿನ ತಂತಿ ಕಿತ್ತೆ.
ಡ್ರಾಯರಿನ ತಳದಿಂದ, ಒಣಗಿದ ಸ್ಟಾಂಪ್ ಪ್ಯಾಡುಗಳ ಅಡಿಯಿಂದ
ಗವಿರಂಗಯ್ಯನವರ ಕೈಬರಹವಿದ್ದ ಸಿ.ಡಿ. ತೆಗೆದೆ.
ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು
ಬೈಟು ಬೈಟಾಗಿ ಹೋಲಿಸಿದ ಸಾದಿಕ್.
ಕೂದಲೆಳೆಯಷ್ಟೂ ಬದಲಿಲ್ಲ.
ಪಕ್ಕದಂಗಡಿಯ ಮೆಷಿನ್ನಿಗೆ ಒಯ್ದು
ಬೇರೆ ಮೂರು ಸ್ಕ್ಯಾನರುಗಳ ಮುಂದೆ ನಿಲ್ಲಿಸಿದೆವು:
ಎರಡು ಸುಮ್ಮನಿದ್ದವು,
ಒಂದು ‘ಬಹುಶಃ’ ಅಂದಿತು.
ಬಹುಶಃ! ಅದೆಂಥ ತೀರ್ಪು.

ಅಪ್ಪ ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ.
ಒಂದು ಸಂಜೆ ಕೇಸಿನಲ್ಲಿ ಳಕಾರದ ಮನೆ ಖಾಲಿ.
ಸೀಸ ಮಾರಿಕೊಂಡ ಅಂದರು, ಗೇಟಿನಲ್ಲಿ ಜೇಬು ಹೊರಳಿಸಿದರು.
ಅವನು ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ.
ರಾತ್ರಿ ಮುದ್ದೆ ಮುರಿಯುತ್ತ ನಗುತ್ತಲೇ ಹೇಳಿದ:
‘ನನ್ನನ್ನ ಕಳ್ಳ ಅಂತ ಅಚ್ಚು ಹಾಕೋಕೂ
ಅವರ ಹತ್ರ ಅಕ್ಷರ ಇಲ್ಲವಲ್ಲೇ.’
ಎಂಟು ದಿನಕ್ಕೆ ಟ್ರೆಡಲ್ಲಿನ ಅಡಿ ಗುಡಿಸಿದಾಗ
ಒಂದು ಹಿಡಿ ಳ ಸಿಕ್ಕಿತು, ಇಲಿಪಿಕ್ಕೆಯ ಜೊತೆ.
ಯಜಮಾನರು ಕಾಫಿ ತರಿಸಿದರು.
ಗೇಟಿನವನು ಮಾತ್ರ ಅಪ್ಪ ಕೆಲಸ ಬಿಡುವವರೆಗೂ
ದಿನಾ ಸಂಜೆ ಜೇಬಿನ ಮೇಲೊಮ್ಮೆ ಕೈಯಾಡಿಸುತ್ತಿದ್ದ,
ಸಿಟ್ಟಿನಿಂದಲ್ಲ, ರೂಢಿಯಿಂದ.

ಬಿಡುಗಡೆಯ ಗುಂಡಿ ಒತ್ತಿದೆ.
‘ಇಡೀ ಫೋಲ್ಡರಿಗೇ ವಿನಾಯಿತಿ ಕೊಟ್ಬಿಡಿ’ ಅಂದ ಸಾದಿಕ್.
ಬೇಡ, ಇವನೊಬ್ಬನಿಗೆ ಸಾಕು.
‘ನೆ’ ಬಂದು ಕೂತಿತು.
ಆರೂಕಾಲಿಗೆ ಮೊಮ್ಮಗ ಕಟ್ಟು ಎದೆಗವಚಿಕೊಂಡು ಹೊರಟ.

ಕಂಪನಿಗೆ ಕಡತ ಕಳಿಸಿ ಅಹವಾಲು ಬರೆದೆ.
ಒಂಬತ್ತು ದಿನದ ಮೇಲೆ ಎರಡು ಸಾಲು:
ಪರಿಶೀಲಿಸಲಾಯಿತು. ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗುತ್ತದೆ.
ಕ್ಷಮೆಯ ಕ್ಷ ಅವರ ಕೀಲಿಮಣೆಯಲ್ಲಿ ಇರಲಿಲ್ಲವೇನೋ.
ಗವಿರಂಗಯ್ಯನವರಿಗೆ ಹೇಳೋಣವೆಂದರೆ
ಆ ನಂಬರು ಈಗ ಬೇರೆ ಯಾರದೋ.

ಎಲ್ಲ ಮೊದಲಿನಂತೆ ಈಗ.
ಆದರೆ ನಿನ್ನೆ, ಅಂಗಡಿ ಬಾಡಿಗೆ ಕಟ್ಟಲು ಬ್ಯಾಂಕು ತೆರೆದವಳು
ಪಾಸ್‌ವರ್ಡಿನ ಖಾಲಿ ಚೌಕದ ಮುಂದೆ ತಡೆದೆ.
ಅಂಗಡಿಯಲ್ಲಿ ಯಾರೂ ಇರಲಿಲ್ಲ.
ತೆರೆಯ ಮೂಲೆಯ ಪುಟ್ಟ ‘ಕ’ದ ಮೇಲೆ ಒತ್ತಿ
ಅವನನ್ನು ಹೊರಗೆ ನಿಲ್ಲಿಸಿ,
ಆಮೇಲೆ ಒತ್ತಿದೆ
ಒಂದೊಂದೇ ಕೀಲಿ.