ಎದೆಯ ಮೇಲಿನ ಸೂಜಿತೂತು

ಪ್ರವಾಹದ ಮಾರನೆ ವಾರ ಬಂದ ಲಾರಿಯಲ್ಲಿ
ಸೀರೆ, ಸ್ವೆಟರು, ಯಾರದೋ ಮದುವೆಯ ಕೋಟು,
ಅಡಿಯಲ್ಲಿ ಒಂದು ಕಟ್ಟು ನೇರಳೆ ಜರ್ಸಿ.
ಎಣಿಸಿದರೆ ಹತ್ತು. ಹನ್ನೊಂದನೆಯದನ್ನು
ಕರಡಿಗೋಡಿನ ಬೊಳ್ಳಿ ಅಜ್ಜಿ ಆಗಲೇ ತೊಟ್ಟು
ಗಂಜಿಯ ಸಾಲಿನಲ್ಲಿ ನಿಂತಿದ್ದಳು,
ಬೆನ್ನ ಮೇಲೆ ಒಂಬತ್ತು.

ನಾನು ಸಿದ್ದಾಪುರದ ದರ್ಜಿ, ಅಂದ್ರುಮಾನ್.
ಯಾವ ಭಾಷೆಯ ಅಕ್ಷರವಾದರೂ ನನಗೆ ಮೊದಲು ಹೊಲಿಗೆ,
ಆಮೇಲೆ ಅರ್ಥ. ಇದರ ಅರ್ಥ ಹತ್ತಲಿಲ್ಲ.
ಬೆರಳಿಗೆ ಮಾತ್ರ ಹತ್ತಿತು:
ಎದೆಯ ಮೇಲೊಂದು ಹೆಸರು, ಬೆರಳಷ್ಟು ಕೆಳಗೆ
ಯಾರೋ ಬಿಚ್ಚಿ ತೆಗೆದ ಇನ್ನೊಂದು ಹೆಸರಿನ
ಸೂಜಿತೂತುಗಳ ಸಾಲು, ಇರುವೆ ನಡೆದ ಹಾಗೆ.

ನಮ್ಮ ಹುಡುಗರಿಗೂ ಆ ವರ್ಷ ಹೆಸರಿರಲಿಲ್ಲ.
ಅಜ್ಜಂದಿರ ಕಾಲದಿಂದ ಹಾರ್ಟ್‌ವೆಲ್ ಎಸ್ಟೇಟ್ ತಂಡ.
ದೊರೆ ಚೆಂಡು ಕೊಟ್ಟ, ಹೆಸರೂ ಕೊಟ್ಟ.
ತೋಟ ಮಾರಿಹೋಯಿತು. ಕೊಂಡವರು ಕಾಗದ ಬರೆದರು:
ಹೆಸರು ನಮ್ಮದು, ಬಳಸಕೂಡದು.
ಸುಂಟಿಕೊಪ್ಪದ ಪಂದ್ಯದ ಫಾರಮ್ಮಿನಲ್ಲಿ
'ತಂಡದ ಹೆಸರು' ಎಂಬಲ್ಲಿ ಚುಬ್ರ ಪೆನ್ನಿಟ್ಟ;
ಇಟ್ಟಲ್ಲೇ ಶಾಯಿ ಹರಡಿತು.
ಕೊಡಗಿನಲ್ಲಿ ಹಾಕಿ ಆಡಲು ಮನೆತನ ಸಾಕು,
ಹೆಸರಿಗಿಂತ ಮೊದಲು ಮನೆಹೆಸರು ಬರುತ್ತದೆ.
ಚುಬ್ರ, ಸೆಲ್ವಂ, ಶಂಸು, ಲಾರೆನ್ಸ್,
ಇವರಿಗಿದ್ದದ್ದು ಲೈನ್‌ಮನೆಯ ನಂಬರು.
ಈಗ ಅದೂ ಹೊಳೆಯಲ್ಲಿ.

ಕಾಫಿಯ ರುಚಿ ನೋಡಲು ಕ್ಯೂರಿಂಗ್ ವರ್ಕ್ಸಿಗೆ
ಜಪಾನಿನಿಂದ ಒಬ್ಬಳು ಬಂದಿದ್ದಳು. ಸುರ್ರೆಂದು ಹೀರಿ
ಉಗುಳುವ ಕೆಲಸಕ್ಕೆ ವಿಮಾನದ ಖರ್ಚು!
ಹರಿದ ತೋಳು ಹೊಲಿಸಲು ಬಂದವಳು ಜರ್ಸಿ ಕಂಡು
ಸ್ಟೂಲಿನ ಮೇಲೆ ಕೂತೇಬಿಟ್ಟಳು.
ಷಿರಾಯಿಶಿ ಅವಳ ಮನೆಹೆಸರು. ಅಲ್ಲೂ ಅದೇ ಮೊದಲಂತೆ.
ಜೊತೆಗಿದ್ದ ಪಾಲೆಯಂಡ ಚಿಟ್ಟಿಯಪ್ಪ ಅದನ್ನು ಕೇಳಿ
ನಂಟರು ಸಿಕ್ಕಂತೆ ಮೀಸೆ ತಿರುವಿದ.

ಅವಳು ಹೇಳಿದ್ದು, ಅವನು ಕನ್ನಡ ಮಾಡಿದ್ದು:

ಬಂದರಿನ ಊರು. ಹಡಗು ಕಟ್ಟುವ ಕಂಪನಿ.
ಸೈರನ್ ಆದ ಮೇಲೆ ಕಬ್ಬಿಣದ ಹಾಳೆಗಳ ಸಂದಿಯಲ್ಲಿ
ಬೆಸುಗೆಯವರು ಚೆಂಡು ಒದ್ದರು; ಎದೆಯ ಮೇಲೆ ಕಂಪನಿ.
ಒಂದು ವರ್ಷ ನಿಯಮ ಬಂತು: ಇನ್ನು ಇದು ವೃತ್ತಿಯ ಆಟ,
ಕಂಪನಿಯ ಹೆಸರು ತೆಗೆಯಿರಿ, ಊರಿನ ಹೆಸರು ಹಾಕಿ.
ಕ್ಯಾಂಟೀನಿನ ಹೆಂಗಸರು ರಾತ್ರಿಯೆಲ್ಲ ಕೂತು ಬಿಚ್ಚಿದರು.
ನನ್ನಪ್ಪ ಆ ಮೊದಲ ಪಂದ್ಯಕ್ಕೆ ಹೋಗಲಿಲ್ಲ.
'ಅನ್ನ ಹಾಕಿದ್ದು ಊರಲ್ಲ' ಅಂದ.
ಆಮೇಲೆ ಕಂಪನಿ ಮುಚ್ಚಿತು. ಕ್ರೇನುಗಳನ್ನು ಗುಜರಿಗೆ ತೂಗಿದರು.
ತಂಡ ಎರಡನೆಯ ದರ್ಜೆಗೆ ಇಳಿಯಿತು, ಹತ್ತಿತು, ಮತ್ತೆ ಇಳಿಯಿತು.
ಅಪ್ಪ ಒಂದು ಶನಿವಾರವೂ ತಪ್ಪಿಸಲಿಲ್ಲ, ಸೋಲು ನೋಡಲು
ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ.
ಅವನು ಕಟ್ಟಿದ್ದರಲ್ಲಿ ಇನ್ನೂ ತೇಲುತ್ತಿದ್ದದ್ದು ಅದೊಂದೇ.

ಅವಳು ತೂತುಗಳ ಮೇಲೆ ಬೆರಳಾಡಿಸಿ
ಕಂಪನಿಯ ಹೆಸರು ಓದಿದಳು, ಕಣ್ಣು ಮುಚ್ಚಿಕೊಂಡೇ.
ಹೊಲಿಗೆಯ ಹದಿನೈದು ರೂಪಾಯಿ ನಾನು ತಗೊಳ್ಳಲಿಲ್ಲ.
ಅವಳೂ ಬಿಡಲಿಲ್ಲ; ಮೆಷೀನಿನ ಮೇಲಿಟ್ಟು ಹೋದಳು.

ರಾತ್ರಿ ಹುಡುಗರ ಜಗಳ. 'ಕಾವೇರಿ' ಅಂದ ಲಾರೆನ್ಸ್.
ಬಸ್ಸಿಗೆ, ಬಾರಿಗೆ, ಮೆಡಿಕಲ್ಲಿಗೆ, ಎಲ್ಲಕ್ಕೂ ಅದೇ ಎಂದು ಸೆಲ್ವಂ ನಕ್ಕ.
'ಟೈಗರ್ಸ್' ಅಂದ ಶಂಸು. ತೋಟದಲ್ಲಿ ಹುಲಿ ದನ ಹಿಡಿದ ವಾರ,
ಯಾರೂ ನಗಲಿಲ್ಲ.
ಚುಬ್ರ ಮಾತಾಡದೆ ಶಾಯಿಯ ಕಲೆಯ ಪಕ್ಕ ಬರೆದ: ಕರಡಿಗೋಡು.
'ಅಲ್ಲೀಗ ಯಾರಿದ್ದಾರೋ? ನಮ್ಮನ್ನು ಬೇರೆ ಕಡೆ ಹಾಕ್ತಾರಲ್ಲ.'
'ಅದಕ್ಕೇ' ಅಂದ.

ನಾನು ಜಪಾನಿನ ಹೆಸರು ಬಿಚ್ಚಲಿಲ್ಲ.
ಕೆಳಗಿನ ಹಳೆಯ ತೂತುಗಳಲ್ಲೇ ಬಿಳಿ ದಾರ ಹಾಯಿಸಿದೆ.
'ಡಿ' ಕೊಂಚ ವಾಲಿತು. 'ಡು' ಜಾಗ ಸಾಲದೆ
ಕಂಕುಳಿಗೆ ಹೋಯಿತು.

ಒಂಬತ್ತು ಕೇಳಲು ಹೋದರೆ ಅಜ್ಜಿ ಕೊಡಲಿಲ್ಲ.
'ಹೆಸರು ಬೇಕಾದರೆ ಮೈಮೇಲೇ ಹೊಲಿ' ಅಂದಳು.
ಹೊಲಿದೆ. ನನ್ನ ಕೈ ನಡುಗಿತು,
ಅವಳು ಅಲುಗಲಿಲ್ಲ.