ಹನ್ನೆರಡು ಹೆಜ್ಜೆ

ಜನವರಿಯಲ್ಲಿ ಡರ್ಹಮ್ ಸೀಮೆಗೆ ಮೂರೂವರೆಗೇ ಕತ್ತಲು.
ಅದಕ್ಕೇ ಸೂಪನ್ನು ಅರ್ಧಕ್ಕೆ ಬಿಟ್ಟು ಹೊರಟೆವು,
ಮೇವಿಸ್ ಫೆನ್ವಿಕ್ ಮುಂದೆ, ಅಳತೆಯ ಚಕ್ರ ತಳ್ಳಿಕೊಂಡು,
ನಾನು ಹಿಂದೆ, ಹೆಗಲ ಮೇಲೆ ನಲವತ್ತು ಗೂಟ,
ಕೆಂಪು ಬಿಳಿ ಪಟ್ಟಿಯ ಸುರುಳಿ, ಒಂದು ಕೊಡತಿ.
ನಾಳೆ ಓಟ.

ಮೀಟರಿಗೊಂದು ಸಲ ಚಕ್ರ ಕಟಕ್ ಅನ್ನುತ್ತದೆ.
ಹುಲ್ಲಿನಲ್ಲಿ ಕಟಕ್.
ಉತ್ತ ಹೊಲದ ಅಂಚಿನಲ್ಲಿ ಕ… ಟಕ್.
ಹಳ್ಳದ ಕೆಸರಿಗೆ ಇಳಿದರೆ ಅದೂ ಬಾಯಿ ಕಟ್ಟಿಕೊಳ್ಳುತ್ತದೆ.
ಆಗ ಮೇವಿಸ್ ತಾನೇ ಎಣಿಸುತ್ತಾಳೆ, ತುಟಿಯಲ್ಲೇ,
ಚಿಲ್ಲರೆ ವಾಪಸು ಕೊಡುವ ಅಂಗಡಿಯವಳ ಹಾಗೆ.

"ಟಾರು ರಸ್ತೆಗಾದರೆ ದೂರ ಅಂತ ಒಂದಿದೆ.
ಇಲ್ಲಿರೋದು ನೆಲ.
ದೂರ ಅನ್ನೋದು ಅದಕ್ಕೆ ನಾವಿಟ್ಟ ಅಡ್ಡಹೆಸರು."

ಬೇಲಿ ದಾಟಿದರೆ ಗುಡ್ಡ.
ಹುಟ್ಟಿದ ಗುಡ್ಡವಲ್ಲ ಇದು, ಸುರಿದದ್ದು:
ಕಲ್ಲಿದ್ದಲ ಗಣಿ ಎಪ್ಪತ್ತು ವರ್ಷ ಕಕ್ಕಿದ ಕಲ್ಲು, ಕಪ್ಪು ಮಣ್ಣು.
ಗಣಿ ಮುಚ್ಚಿದ ಮೇಲೆ ಹುಲ್ಲು ಹೊದಿಸಿದರು.
ಮಳೆ ಜೋರಾದರೆ ಹೊದಿಕೆ ಸರಿದು ಒಳಗಿನ ಕಪ್ಪು ಇಣುಕುತ್ತದೆ,
ಮುಳ್ಳಿನ ಬೂಟುಗಳಿಗೆ ಅಂಟಿಕೊಂಡು ಮನೆಗಳ ಹೊಸ್ತಿಲವರೆಗೂ ಬರುತ್ತದೆ.

ಪ್ರತಿ ಓಟಕ್ಕೂ ಈ ಗುಡ್ಡವನ್ನು ಮೂರು ಸಲ ಹತ್ತಬೇಕು.
ಅವಳ ಅಪ್ಪ ಮೂವತ್ತೊಂದು ವರ್ಷ ಇಳಿದಿದ್ದ,
ಇದೇ ಜಾಗದಲ್ಲಿ, ಕಬ್ಬಿಣದ ಪಂಜರದಲ್ಲಿ ನಿಂತು.
"ಇದರಲ್ಲಿ ಕೆಲವು ಬುಟ್ಟಿ ಅವನವು.
ಯಾವುವು ಅಂತ ಗೊತ್ತಿಲ್ಲ,
ಹಾಗಾಗಿ ಎಲ್ಲ ಕಡೆ ಮೆಲ್ಲಗೇ ಕಾಲಿಡ್ತೀನಿ."

ಅವಳು ಓಡುವಾಗ ಗುಡ್ಡ ಇನ್ನೂ ಹೊಗೆಯಾಡುತ್ತಿತ್ತಂತೆ.
ಗಂಡಸರಿಗೆ ಏಳು ಮೈಲಿ, ಹಳ್ಳ, ಬೇಲಿ, ಏರು.
ಹುಡುಗಿಯರಿಗೆ ಎರಡು, ಸಪಾಟು ಹುಲ್ಲುಗಾವಲಲ್ಲಿ.
ಅದಕ್ಕಿಂತ ಹೆಚ್ಚು ಓಡಿದರೆ ಗರ್ಭಕೋಶ ಜಾರುತ್ತದೆಂದು
ಕ್ಲಬ್ಬಿನ ಡಾಕ್ಟರು ಹೇಳಿದ್ದ, ಪೈಪು ಕಚ್ಚಿಕೊಂಡೇ.
"ಮೂರು ಹೆತ್ತೆ. ಜಾರಿದ್ದು ಅವನ ಹಲ್ಲಿನ ಸೆಟ್ಟು,
ಒಂದು ಕ್ರಿಸ್ಮಸ್ ಊಟದಲ್ಲಿ."

ಆಮೇಲೆ, ಮುಳ್ಳುಪೊದೆಯ ಮೂಲೆಗೆ ಬಂದಾಗ,
ಉಸಿರಿಗೆ ನಿಂತವಳು ಹಾಗೇ ಅಂದುಬಿಟ್ಟಳು.

ಅಳತೆಯ ಕೆಲಸ ಅವಳ ಕೈಗೆ ಬಂದ ಮೊದಲ ವರ್ಷ
ಕಾಗದದಲ್ಲಿ ಬರೆದಿತ್ತು: ಹೆಂಗಸರಿಗೆ ಐದು ಸಾವಿರ, ಎರಡು ಸುತ್ತು.
ಅವಳು ತಿರುವಿನ ಗೂಟವನ್ನು ಪೊದೆಯಿಂದ ಹನ್ನೆರಡು ಹೆಜ್ಜೆ ಆಚೆ ನೆಟ್ಟಳು.
ಮರುವರ್ಷ ಮತ್ತೆ ಹನ್ನೆರಡು.
ಹೀಗೆ ಇಪ್ಪತ್ತಮೂರು ವರ್ಷ.
"ಯಾರೂ ಕೇಳಲಿಲ್ಲ. ಕೆಸರಿನ ಮೇಲೆ ಹಾಕಿದರು.
ಕೆಸರು ಒಳ್ಳೆಯ ಸಾಕ್ಷಿ, ಯಾರು ಏನು ಹೇಳಿದರೂ ಒಪ್ಪುತ್ತೆ."
ಕೊನೆಕೊನೆಗೆ ಐದು ಸಾವಿರವೆಂದು ಸಾರಿ
ಆರರ ಹತ್ತಿರ ಓಡಿಸುತ್ತಿದ್ದಳು.
"ನಿಮಗೆ ಸಾಧ್ಯ ಅಂತ ನನಗೆ ಗೊತ್ತಿತ್ತು.
ನಿಮಗೇ ಗೊತ್ತಿರಲಿಲ್ಲ."

ನಿಮಗೆ, ಅಂದಳು.
ಆ ಇಪ್ಪತ್ತಮೂರರ ಕೊನೆಯ ಐದು ವರ್ಷ ಓಡಿದವಳು ನಾನು.
ಇಪ್ಪತ್ತೆರಡು ನಿಮಿಷ ಒಂಬತ್ತು ಸೆಕೆಂಡು.
ಆ ಅಂಕಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ
ಒಂದು ಚಳಿಗಾಲವಿಡೀ ನೋಡಿ, ನನ್ನಿಂದಾಗದು ಅಂದುಕೊಂಡು
ಬೂಟನ್ನು ಧರ್ಮದಂಗಡಿಗೆ ಕೊಟ್ಟು ಬಂದಿದ್ದೆ.

ಗಾಳಿ ಪಟ್ಟಿಯನ್ನು ಪಟಪಟ ಬಡಿಯುತ್ತಿತ್ತು.
ಕೆಳಗೆ ಯಾರದೋ ಅಡುಗೆಮನೆಯ ದೀಪ ಹತ್ತಿತು.
ನಾನು ಗೂಟ ಹೂಡಿದೆ, ಕೊಡತಿ ಎತ್ತಿದೆ,
ನೆಲ ಕೇಳಿದ್ದಕ್ಕಿಂತ ನಾಲ್ಕೈದು ಏಟು ಹೆಚ್ಚೇ ಹಾಕಿದೆ.
ಮೇವಿಸ್ ಪಟ್ಟಿಯ ತುದಿ ಹಿಡಿದು ನಿಂತಿದ್ದಳು,
ಎಂಬತ್ತೊಂದರ ಕೈ, ಚಳಿಗೆ ನೀಲಿ.
"ಬಯ್ಯಬೇಕಾದ್ರೆ ಬಯ್ಯಿ,
ಪಟ್ಟಿ ಮಾತ್ರ ಬಿಗಿಯಾಗಿ ಎಳಿ."

ಎಳೆದೆ.

ಈ ಸಲದ ಕಾಗದದಲ್ಲಿ ಒಂದೇ ಅಂಕಿ ಇದೆ:
ಎಂಟು ಸಾವಿರ, ಗಂಡಸರಿಗೂ ಹೆಂಗಸರಿಗೂ.
ಕದಿಯುವುದಕ್ಕೂ ಸೇರಿಸುವುದಕ್ಕೂ ಏನೂ ಉಳಿದಿಲ್ಲ.
ಅವಳು ಚಕ್ರವನ್ನು ನನ್ನ ಕಡೆ ವಾಲಿಸಿ
ಕೈಗವಸು ಹುಡುಕುತ್ತ ಇಳಿಜಾರಿಗೆ ತಿರುಗಿದಳು.

ಅವಳು ಮರೆಯಾಗುವವರೆಗೆ ಕಾದೆ.
ಆಮೇಲೆ ಚಕ್ರದ ಅಂಕಿಯನ್ನು ಸೊನ್ನೆಗೆ ತಿರುಗಿಸಿ
ಹಳೆಯ ಪೊದೆಯಿಂದ ಹಳೆಯ ತಿರುವಿನವರೆಗೆ
ಒಬ್ಬಳೇ ಉರುಳಿಸಿಕೊಂಡು ಹೋದೆ, ಕತ್ತಲಲ್ಲಿ,
ನನಗೆ ಬರಬೇಕಾದ ಬಾಕಿ ಎಷ್ಟೆಂದು ನೋಡಲು.

ಅರ್ಧದಾರಿಯಲ್ಲಿ ಕೆಸರು.
ಚಕ್ರ ಸುಮ್ಮನಾಯಿತು.
ಎಣಿಸತೊಡಗಿದೆ.